ಅಳಿಲಿನ ಖಾತೆ

37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬೇರೆಯವರ ದುಡ್ಡು ಎಣಿಸಿದವನು ನಾನು. ನಿವೃತ್ತಿಯಾದ ಮೇಲೆ ದುಡ್ಡು ಕೈಬಿಟ್ಟಿತು, ಎಣಿಸುವ ಚಟ ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಎಣಿಸುತ್ತೇನೆ. ಮಧ್ಯಾಹ್ನ ಮಲಗಿದರೆ ನಿಜವಾಗಿಯೂ ಜಂತೆ ಎಣಿಸುತ್ತೇನೆ. ಹಾಗಾಗಿ ಹಿತ್ತಿಲಿನ ಚಿಕ್ಕು ಮರ ಕಾಯಿ ಬಿಡತೊಡಗಿದಾಗ ಅದಕ್ಕೂ ಒಂದು ನೋಟ್‌ಬುಕ್ಕು ಇಟ್ಟೆ. ಪುಟದ ನಡುವೆ ಗೆರೆ ಎಳೆದು ಎಡಗಡೆ 'ನಮಗೆ', ಬಲಗಡೆ 'ಅಳಿಲಿಗೆ' ಎಂದು ಬರೆದೆ. 2022ರ ಬೇಸಿಗೆಯ ಪುಟ ಈಗಲೂ ಇದೆ. ನಮಗೆ 41, ಅಳಿಲಿಗೆ 163.

ಅರ್ಧ ತಿಂದು ಬೀಳಿಸಿದ್ದನ್ನೂ ಅಳಿಲಿನ ಲೆಕ್ಕಕ್ಕೇ ಹಾಕಿದ್ದೇನೆ. ಯಾವುದೋ ಪ್ರಾಣಿ ಕಚ್ಚಿದ ಹಣ್ಣನ್ನು ನಾವು ತಿನ್ನುವುದಿಲ್ಲ. ನೀವೂ ತಿನ್ನಬೇಡಿ ಮಕ್ಕಳೇ, ಕಚ್ಚಿದ್ದು ಅಳಿಲೋ ಬಾವಲಿಯೋ ಯಾರಿಗೆ ಗೊತ್ತು.

ನಮ್ಮ ಮನೆ ಸಾಗರ ಪೇಟೆಯಿಂದ ಸ್ವಲ್ಪ ಹೊರಗಿದೆ. ಮನೆ ಸೇರಿ 12 ಗುಂಟೆ ಜಾಗ. ಇಪ್ಪತ್ತು ಅಡಿಕೆ ಮರ, ಎರಡು ತೆಂಗು, ಒಂದು ಪೇರಲೆ, ಆರು ಕೋಕೋ ಗಿಡ, ಬೇಲಿಗೆ ದಾಸವಾಳ, ಮಳೆಗಾಲಕ್ಕೆ ಹೀರೆ, ಬೆಂಡೆ, ಮಗೆಕಾಯಿ. ತೋಟ ಎಂದರೆ ನಿಜವಾದ ತೋಟದವರು ನಗುತ್ತಾರೆ, ಹಿತ್ತಲು ಎನ್ನಿ. ಅದರ ಮಧ್ಯೆ, ಬಾವಿಯ ಪಕ್ಕದಲ್ಲಿ, ಈ ಚಿಕ್ಕು ಮರ.

ನನಗೆ ಸಕ್ಕರೆ ಕಾಯಿಲೆ. ಚಿಕ್ಕು ತಿನ್ನುವಂತಿಲ್ಲ. ಮನೆಯಾಕೆಗೆ ಅದರ ಅಂಟು ಆಗುವುದಿಲ್ಲ. ಹಾಗಾದರೆ ಅಳಿಲಿನ ಜೊತೆ ಯಾರಿಗಾಗಿ ಜಗಳ ಎಂದು ಕೇಳಬಹುದು. ಅದು 2014ರ ಮಳೆಗಾಲದಲ್ಲಿ ನೆಟ್ಟ ಕಸಿ ಗಿಡ, ಮೊಮ್ಮಗಳು ಹುಟ್ಟಿದ ವರ್ಷ. ಅವಳು ಬೆಂಗಳೂರಿನಲ್ಲಿದ್ದಾಳೆ. ಮಾತು ಬಂದ ದಿನದಿಂದ ಅದು 'ನನ್ನ ಮರ'. ಮೊದಲ ಫಸಲು ಚೆನ್ನಾಗಿ ಹಿಡಿದ ಹೊತ್ತಿಗೆ ಕೊರೊನಾ ಬಂತು. 2020ರಲ್ಲೂ ಬರಲಿಲ್ಲ, 2021ರಲ್ಲೂ ಬರಲಿಲ್ಲ. ಎರಡು ವರ್ಷ ಅವಳ ಮರದ ಹಣ್ಣನ್ನು ಫೋನಿನಲ್ಲಿ ತೋರಿಸಿದೆವು. 2022ರಲ್ಲಿ ಬಂದಳು. ಅವಳ ಪಾಲಿಗೆ ಸಿಕ್ಕಿದ್ದು ಆ 41ರಲ್ಲಿ ಒಂದಿಷ್ಟು, ಅದೂ ಸರಿಯಾಗಿ ಹಣ್ಣಾಗದ ಕಾಯಿ. ಹೊರಡುವ ದಿನ ಮರದ ಬುಡದಲ್ಲಿ ಬಿದ್ದಿದ್ದ ಅರ್ಧರ್ಧ ಹಣ್ಣುಗಳನ್ನು ನೋಡಿ, "ಅಜ್ಜ, ಇದು ನನ್ನ ಮರ ಅಲ್ಲ ಬಿಡು, ಅದರದ್ದೇ" ಎಂದು ಕಾರು ಹತ್ತಿದಳು. ಅವಳು ಸುಮ್ಮನೆ ಹೇಳಿದ್ದು. ನನಗೆ ಮಾತ್ರ ಒಂದು ವರ್ಷ ಕೊರೆಯಿತು.

ಹಾಗೆ ನೋಡಿದರೆ ಅಳಿಲಿನ ಮೇಲೆ ನನಗೆ ಹಳೆಯ ದ್ವೇಷವೇನೂ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಅಳಿಲು ಎಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅಲ್ಲಿಯ ದೊಡ್ಡ ಕಳ್ಳ ಕೆಂಜಳಿಲು, ಕೆಲವರು ಕೆಂದಳಿಲು ಎನ್ನುತ್ತಾರೆ. ಪೇಟೆಯ ಮಕ್ಕಳಿಗೆ ಹೇಳಬೇಕೆಂದರೆ, ಬೆಕ್ಕಿನಷ್ಟು ಉದ್ದದ ಅಳಿಲನ್ನು ಊಹಿಸಿಕೊಳ್ಳಿ. ಬೆನ್ನು ಕಡುಗೆಂಪು, ಹೊಟ್ಟೆ ಕೆನೆ ಬಣ್ಣ, ಬಾಲ ಮೈಗಿಂತ ಉದ್ದ. ನೆಲಕ್ಕೆ ಇಳಿಯುವುದೇ ಅಪರೂಪ. ಮರದಿಂದ ಮರಕ್ಕೆ ಹಾರಿಕೊಂಡೇ ಅದರ ಸಂಸಾರ. ಎಲೆ, ಕಡ್ಡಿ ಸೇರಿಸಿ ಎತ್ತರದ ಕೊಂಬೆಯಲ್ಲಿ ಚೆಂಡಿನಂಥ ಗೂಡು ಕಟ್ಟುತ್ತದೆ, ಅದೂ ಒಂದಲ್ಲ, ಮೂರು ನಾಲ್ಕು. ಮಹಾರಾಷ್ಟ್ರದವರು ಇದನ್ನು ಶೇಕರು ಎಂದು ಕರೆದು ತಮ್ಮ ರಾಜ್ಯಪ್ರಾಣಿ ಮಾಡಿಕೊಂಡಿದ್ದಾರೆ. ನಮ್ಮೂರಿನಲ್ಲಿ ಅದಕ್ಕೆ ಅಂಥ ಮರ್ಯಾದೆ ಇರಲಿಲ್ಲ. ತೆಂಗಿನ ಮರದಲ್ಲಿ ಕೂತು ಎಳನೀರಿಗೆ ತೂತು ಕೊರೆದು, ನೀರು ಕುಡಿದು, ಗಂಜಿ ತಿಂದು, ಬುರುಡೆ ಕೆಳಗೆ ಬಿಡುತ್ತಿತ್ತು.

ನನಗೆ ಒಂಬತ್ತೋ ಹತ್ತೋ ವರ್ಷ ಇದ್ದಾಗ ನಮ್ಮ ದೊಡ್ಡಪ್ಪ ಕೋವಿ ತಂದು ಒಂದನ್ನು ಹೊಡೆದರು. 1972ರ ವನ್ಯಜೀವಿ ಕಾಯ್ದೆ ಇನ್ನೂ ಬಂದಿರದ ಕಾಲ. ಈಗ ಕೆಂಜಳಿಲನ್ನು ಮುಟ್ಟಿದರೆ ಜೈಲು. ಬಿದ್ದದ್ದನ್ನು ಎತ್ತಿ ತರಲು ನನ್ನನ್ನು ಓಡಿಸಿದರು. ಎರಡು ಕೈಯಲ್ಲಿ ಎತ್ತಿಕೊಂಡೆ, ಇನ್ನೂ ಬಿಸಿ ಇತ್ತು. ಮಾರನೆಯ ವರ್ಷವೂ ಎಳನೀರು ತೂತಾಯಿತು. ಆ ಜಾಗಕ್ಕೆ ಇನ್ನೊಂದು ಕೆಂಜಳಿಲು ಬಂದಿತ್ತು. ದೊಡ್ಡಪ್ಪ ಬೈದುಕೊಂಡರೇ ಹೊರತು ಮತ್ತೆ ಕೋವಿ ತೆಗೆಯಲಿಲ್ಲ. ಮದ್ದಿನ ಖರ್ಚು ಎಂದರು.

ಬ್ಯಾಂಕಿಗೆ ಸೇರಿದ ಮೇಲೆ, 1980ರ ದಶಕದಲ್ಲಿ, ಕೆಲವು ವರ್ಷ ಹೊಸನಗರ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಅಡಿಕೆ ತೋಟದ ಮಧ್ಯೆ ಕೋಕೋ ಹಾಕುತ್ತಿದ್ದ ದಿನಗಳು. ಪುತ್ತೂರಿನಲ್ಲಿ ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಶುರುವಾಯಿತು, ಅದರ ಆಸುಪಾಸು. ಒಂದು ದಿನ ವಯಸ್ಸಾದ ಒಬ್ಬ ರೈತರು ನನ್ನ ಕೌಂಟರಿಗೆ ಬಂದು ಕೈಚೀಲದಿಂದ ಒಂದು ಹಳದಿ ಕೋಕೋ ಕಾಯಿ ತೆಗೆದು ಮೇಜಿನ ಮೇಲೆ ಇಟ್ಟರು. ಕಾಯಿಯ ನಡುಭಾಗದಲ್ಲಿ ದುಂಡಗೆ ತೂತು, ಒಳಗೆ ಖಾಲಿ.

"ಕಂತು ಕಟ್ಟದೇ ಇದ್ದವ ನಾನಲ್ಲ ಮಾರಾಯ್ರೆ, ಇದು. ಇದನ್ನೇ ಬರ್ಕಳಿ" ಎಂದರು.

ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ. ಕಾಯಿಯನ್ನು ತಿರುಗಿಸಿ ತೋರಿಸಿದರು. ತೊಟ್ಟಿನ ಹತ್ತಿರ ತೂತಾದರೆ ಇಲಿ, ನಡುವೆ ತೂತಾದರೆ ಅಳಿಲು. ಅವರ ತೋಟದ್ದು ಹೆಚ್ಚಿನದು ನಡುವಿನ ತೂತು. ಬಹಳ ವರ್ಷದ ಮೇಲೆ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರ ಮಾಹಿತಿಯಲ್ಲೂ ಇದೇ ಗುರುತು ಓದಿದಾಗ ಆ ಮುದುಕರ ಮುಖ ನೆನಪಾಯಿತು.

ಮಕ್ಕಳಿಗೆ ಒಂದು ವಿಷಯ. ಅಳಿಲಿಗೆ ಚಾಕೊಲೇಟ್ ಆಸೆ ಎಂದುಕೊಳ್ಳಬೇಡಿ. ಕೋಕೋ ಬೀಜ ಕಹಿ, ಅದು ಅಳಿಲಿಗೆ ಬೇಡ. ಬೀಜದ ಸುತ್ತ ಸೀತಾಫಲದ ತೊಳೆಯಂಥ ಬಿಳಿ ಸಿಹಿ ತಿರುಳು ಇರುತ್ತದೆ. ಅದನ್ನು ಚೀಪಿ ಬೀಜವನ್ನು ಕೆಳಗೆ ಉಗುಳುತ್ತದೆ. ಹಾಗಾದರೆ ಬೀಜ ಆರಿಸಿಕೊಂಡರೆ ಆಯಿತಲ್ಲ ಎಂದು ನಾನೂ ಆ ರೈತರಿಗೆ ಹೇಳಿದ್ದೆ. ಆಗುವುದಿಲ್ಲವಂತೆ. ತಿರುಳಿನ ಸಮೇತ ಬೀಜವನ್ನು ಐದಾರು ದಿನ ರಾಶಿ ಹಾಕಿ ಹುಳಿ ಬರಿಸಿದರೇ ಚಾಕೊಲೇಟಿನ ಪರಿಮಳ ಹುಟ್ಟುವುದು. ಚೀಪಿ ಬಿಟ್ಟ ಬೀಜಕ್ಕೆ ಆ ಗುಣ ಬರುವುದಿಲ್ಲ, ರೇಟೂ ಬರುವುದಿಲ್ಲ. ನಮ್ಮ ನಮೂನೆಯಲ್ಲಿ ಅಳಿಲಿಗೆ ಅಂಕಣ ಇರಲಿಲ್ಲ. 'ಬೆಳೆ ನಷ್ಟ' ಎಂದು ಬರೆದು ಮೇಲಕ್ಕೆ ಕಳಿಸಿದೆ. ಅವರ ಕಂತು ಮುಂದೆ ಹೋಯಿತೋ ಇಲ್ಲವೋ ನೆನಪಿಲ್ಲ. ನಕ್ಕದ್ದು ಮಾತ್ರ ನೆನಪಿದೆ. 2022ರಲ್ಲಿ ನನ್ನ ನೋಟ್‌ಬುಕ್ಕಿನ ಬಲಗಡೆ 163 ಎಂದು ಬರೆಯುವಾಗ ಅದು ಚೆನ್ನಾಗಿಯೇ ನೆನಪಾಯಿತು.

2023ರ ಜನವರಿಯಿಂದಲೇ ತಯಾರಿ ಶುರು ಮಾಡಿದೆ. ಮೊದಲು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ತೂಗಿಸಿದೆ, ಬಿಸಿಲಿಗೆ ಹೊಳೆದು ಹೆದರಿಸುತ್ತವೆ ಎಂದು ಯಾರೋ ಹೇಳಿದ್ದರು. ನಾಲ್ಕು ದಿನ ಹೆದರಿತು. ಆಮೇಲೆ ಜಾತ್ರೆಯಲ್ಲಿ ಸಿಗುವ ರಬ್ಬರ್ ಹಾವು. ಐದನೆಯ ದಿನ ಅಳಿಲು ಹಾವಿನ ಮೇಲೆ ಕೂತು ಚಿಕ್ಕು ತಿನ್ನುತ್ತಿತ್ತು. ಖಾರದ ಪುಡಿ ನೀರು ಮಾಡಿ ಸಿಂಪಡಿಸಿದೆ. ಗಾಳಿ ತಿರುಗಿ ನನ್ನ ಕಣ್ಣಿಗೇ ಬಂತು, ಉಳಿದದ್ದು ಒಂದು ಗುಡುಗು ಮಳೆಗೆ ತೊಳೆದುಹೋಯಿತು. ಅಂಗಡಿಯವನು ಪಾಷಾಣದ ಬಿಲ್ಲೆ ತೋರಿಸಿದ. ಅದೊಂದನ್ನು ಮಾತ್ರ ಬೇಡ ಎಂದೆ. ಮನೆಯಲ್ಲಿ ಬೆಕ್ಕಿದೆ, ರಾತ್ರಿ ಗೂಬೆ ಬರುತ್ತದೆ.

ಕೊನೆಗೆ 1,850 ರೂಪಾಯಿ ಕೊಟ್ಟು ನೈಲಾನ್ ಬಲೆ ತಂದು ಮರಕ್ಕೆ ಹೊದಿಸಿದೆ. ಮೂರನೆಯ ದಿನ ಬಲೆಯ ಕೆಳಗಿನ ಅಂಚಿನಲ್ಲಿ ಒಂದು ಕೇರೆ ಹಾವು ಸಿಕ್ಕಿಕೊಂಡು ಉಸಿರು ಕಟ್ಟಿ ಒದ್ದಾಡುತ್ತಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಹಾವಿನ ಭಯವಿಲ್ಲ. ಅವರು ತಲೆ ಹಿಡಿದರು, ನಾನು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಅರ್ಧ ಗಂಟೆ ಹಿಡಿಯಿತು. ಇಲಿ ತಿನ್ನುವ ಹಾವನ್ನು ಕೊಂದು ಅಳಿಲಿನಿಂದ ಚಿಕ್ಕು ಉಳಿಸಿಕೊಳ್ಳುವುದು ಯಾವ ಲೆಕ್ಕ? ಬಲೆ ತೆಗೆದೆ. ಆ ದುಡ್ಡಿಗೆ ಪೇಟೆಯಲ್ಲಿ ಎಷ್ಟು ಕೆ.ಜಿ. ಚಿಕ್ಕು ಬರುತ್ತಿತ್ತು ಎಂದು ಲೆಕ್ಕ ಹಾಕಿ ಹೇಳಿದವಳು ಮನೆಯಾಕೆ. ನಾನು ಬಿ.ಕಾಂ. ಓದಿದವನು, ಆ ಲೆಕ್ಕ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಕಿರಲಿಲ್ಲ.

ಏಪ್ರಿಲ್‌ನಲ್ಲಿ ಮೊಮ್ಮಗಳು ಬಂದಳು. ಆಗ ಅವಳಿಗೆ ಒಂಬತ್ತು. ಅವಳು ಬಂದ ಎರಡನೆಯ ದಿನವೇ, ನಾಳೆ ಕೊಯ್ಯೋಣ ಎಂದು ಗುರುತಿಟ್ಟಿದ್ದ ಆರು ಕಾಯಿಯಲ್ಲಿ ನಾಲ್ಕು ನೆಲದಲ್ಲಿದ್ದವು. ಅಟ್ಟದಿಂದ ಇಲಿ ಬೋನು ಇಳಿಸಿದೆ. ತೆಂಗಿನಕಾಯಿ ಚೂರನ್ನು ಕೆಂಡದ ಮೇಲೆ ಸ್ವಲ್ಪ ಸುಟ್ಟು ಕೊಕ್ಕೆಗೆ ಸಿಕ್ಕಿಸಿ ಬಾವಿಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಬಾಗಿಲು ಫಟ್ ಎಂದು ಬಿತ್ತು.

ಬೋನಿನೊಳಗೆ ಅದು ಗಿರಗಿರ ಸುತ್ತಿತು. ಚಿಕ್ ಚಿಕ್ ಎಂದು ಒಂದೇ ಸಮನೆ ಕೂಗಿತು. ಮೊಮ್ಮಗಳು ಹತ್ತಿರ ಕೂತು ಬೆನ್ನಿನ ಗೆರೆ ಎಣಿಸಿದಳು. ಮೂರು. ರಾಮ ಸೇತುವೆ ಕಟ್ಟುವಾಗ ಅಳಿಲು ಮರಳು ತಂದ ಕಥೆ, ರಾಮ ಬೆನ್ನು ಸವರಿದ ಕಥೆ ಅವಳಿಗೆ ಗೊತ್ತು. ಉತ್ತರ ಭಾರತದ ಅಳಿಲಿಗೆ ಐದು ಗೆರೆ ಇರುತ್ತದೆ ಪುಟ್ಟಿ ಎಂದೆ. ಹಾಗಾದರೆ ಅಲ್ಲಿ ರಾಮ ಪೂರ್ತಿ ಕೈಯಲ್ಲಿ ಸವರಿದನಾ ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಅಜ್ಜ, ಇದಕ್ಕೆ ಮರಿ ಇದ್ದರೆ?"

"ಇಲ್ಲ ಪುಟ್ಟಿ. ಈಗ ಮರಿ ಹಾಕುವ ಕಾಲ ಅಲ್ಲ" ಎಂದೆ.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಅದಕ್ಕೂ ಎರಡು ಮೂರು ವಾರ ಮೊದಲು ಒಂದು ಅಳಿಲು ತೆಂಗಿನ ನಾರನ್ನು ಬಾಯಿ ತುಂಬ ಕಚ್ಚಿಕೊಂಡು ಸೌದೆ ಕೊಟ್ಟಿಗೆಯ ಕಡೆ ಓಡಿದ್ದನ್ನು ನಾನೇ ಕಂಡಿದ್ದೆ. ಒಂದು ದಿನವಲ್ಲ, ಎರಡು ದಿನ. ಬಿಸಿಲಿಗೆ ಹಾಕಿದ್ದ ಹಳೆಯ ಹಾಸಿಗೆಯ ಹತ್ತಿಯನ್ನೂ ಕಿತ್ತು ಒಯ್ದಿತ್ತು. ಅಳಿಲು ನಾರು, ಹತ್ತಿ ಒಯ್ಯುವುದು ಏತಕ್ಕೆ ಎಂದು ಹಳ್ಳಿಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರಿ ಹಾಕುವ ಕಾಲ ಅಲ್ಲ ಎಂಬ ಮಾತನ್ನು ಆ ಗಳಿಗೆಯಲ್ಲಿ ಸೃಷ್ಟಿ ಮಾಡಿ ಹೇಳಿದೆ. ಮಗು ನಂಬಿತು. ಅಜ್ಜನಿಗೆ ಗೊತ್ತಿಲ್ಲದ್ದು ಏನಿದೆ?

ಬೋನನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಇಕ್ಕೇರಿಗೆ ಹೋದೆ. ಸಾಗರದಿಂದ ಸುಮಾರು 6 ಕಿ.ಮೀ. ಅಘೋರೇಶ್ವರ ದೇವಸ್ಥಾನ ಇರುವ ಊರು, ಒಂದು ಕಾಲದಲ್ಲಿ ಕೆಳದಿ ಅರಸರ ರಾಜಧಾನಿ. ದೇವಸ್ಥಾನದಿಂದ ಆಚೆ ಮರಗಳಿದ್ದ ಕಡೆ ಬೋನಿನ ಬಾಗಿಲು ಎತ್ತಿದೆ. ಗುಂಡು ಹೊಡೆದ ಹಾಗೆ ಹೋಯಿತು. ಕೊಲ್ಲಲಿಲ್ಲ, ಜಾಗ ಬದಲಿಸಿದೆ ಅಷ್ಟೆ, ನಮ್ಮ ಬ್ಯಾಂಕಿನ ವರ್ಗಾವಣೆಯ ಹಾಗೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ವಾಪಸು ಬಂದು ಊಟ ಮಾಡಿ ನಿದ್ದೆಯನ್ನೂ ಮಾಡಿದೆ.

ಮಾರನೆಯ ದಿನ ಮಧ್ಯಾಹ್ನ ಬಚ್ಚಲ ಒಲೆಗೆ ಸೌದೆ ತರಲು ಹೋದ ಮನೆಯಾಕೆ ಕೊಟ್ಟಿಗೆಯಿಂದ ಕೂಗಿದಳು. "ಇಲ್ಲಿ ಎಂತದೋ ಕುಂಯ್‌ಗುಡ್ತಾ ಉಂಟು, ಬನ್ನಿ ಒಂದ್ಸಲ." ಮಾಡಿನ ಪಕಾಸಿಯ ಸಂದಿಯಲ್ಲಿ ನಾರು, ಹತ್ತಿ, ಬಾಳೆ ಎಲೆಯ ಸೀಳು ಸೇರಿಸಿ ಮಾಡಿದ ಗೂಡು. ಮೂರು ಮರಿ. ಮೈಮೇಲೆ ತೆಳ್ಳಗೆ ತುಪ್ಪಳ, ಬೆನ್ನ ಮೇಲೆ ಆಗಲೇ ಮೂರು ಗೆರೆ, ಕಣ್ಣು ಬಿಟ್ಟಿರಲಿಲ್ಲ. ಒಂದು ಅಲ್ಲಾಡುತ್ತಿರಲಿಲ್ಲ.

ಮೊಮ್ಮಗಳು ನನ್ನ ಹಿಂದೆಯೇ ನಿಂತಿದ್ದಳು. ಅವಳು ಅಳಲಿಲ್ಲ. "ಮರಿ ಹಾಕುವ ಕಾಲ ಅಲ್ಲ ಅಂದೆಯಲ್ಲ" ಎಂದಳು, ಒಳಗೆ ಹೋದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾನು ಬೋನನ್ನು ತೆಗೆದುಕೊಂಡು ಮತ್ತೆ ಇಕ್ಕೇರಿಗೆ ಹೋದೆ. ಅದೇ ಮರದ ಬುಡದಲ್ಲಿ, ಈ ಸಲ ತೆಂಗಿನ ಚೂರಿನ ಜೊತೆ ಹಣ್ಣಾದ ಚಿಕ್ಕುವನ್ನೇ ಇಟ್ಟೆ. ಒಂದು ವರ್ಷದಿಂದ ಯಾವ ಹಣ್ಣನ್ನು ಅಳಿಲಿಗೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೆನೋ ಅದನ್ನೇ ಕತ್ತರಿಸಿ ಇಟ್ಟು ರಸ್ತೆ ಪಕ್ಕದ ಮೋರಿಕಟ್ಟೆಯ ಮೇಲೆ ಕೂತೆ. ದಾರಿಯಲ್ಲಿ ಹೋಗುವವರು ಕೇಳಿದರು, "ಎಂತ ಮಾರಾಯ್ರೆ, ಇಲಿ ಹಿಡೀಲಿಕ್ಕೆ ಇಲ್ಲಿವರೆಗೆ ಬಂದಿರಾ?" ಒಬ್ಬ ಹಳೆಯ ಗಿರಾಕಿ ಗುರುತು ಹಿಡಿದು ಸ್ಕೂಟರ್ ನಿಲ್ಲಿಸಿದರು. ಅವರಿಗೆ ನಿಜ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ಹೊಸನಗರದ ಕೌಂಟರಿನಲ್ಲಿ ನಾನು ನಕ್ಕ ಹಾಗೆ. ನಗಲಿಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಹೋದರು. ಮರದ ಮೇಲೆ ಅಳಿಲುಗಳೇನೋ ಇದ್ದವು. ಯಾವುದು ನನ್ನದು? ಕತ್ತಲಾಗುವವರೆಗೆ ಒಂದೂ ಕೆಳಗೆ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೂ ಹೋದೆ. ಬೋನಿನಲ್ಲಿ ಇರುವೆ ಮುತ್ತಿತ್ತು.

ಇನ್ನೊಂದು ಮಾತು ಆಮೇಲೆ ಗೊತ್ತಾಯಿತು. ಗೂಡಿನಿಂದ ಬಿದ್ದ ಮರಿಯನ್ನು ಅಲ್ಲೇ ಬೆಚ್ಚಗೆ ಬಿಟ್ಟರೆ ತಾಯಿ ಅಳಿಲು ಬಂದು ಕಚ್ಚಿಕೊಂಡು ಹೋಗುತ್ತದೆ. ಮಕ್ಕಳೇ, ನಿಮಗೆ ಎಲ್ಲಾದರೂ ಮರಿ ಸಿಕ್ಕರೆ ಮೊದಲು ಅದನ್ನೇ ಮಾಡಿ, ಬೆಕ್ಕು ನಾಯಿ ಬರದ ಹಾಗೆ ದೂರದಿಂದ ಕಾಯಿರಿ. ನಮ್ಮ ಮರಿಗಳಿಗೆ ಆ ದಾರಿಯೂ ಇರಲಿಲ್ಲ. ತಾಯಿಯನ್ನು ನಾನೇ ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದೆ.

ಮನೆಯಾಕೆ ಹಸುವಿನ ಹಾಲು ಬಿಸಿ ಮಾಡಲು ಇಟ್ಟಿದ್ದಳು. ಅಷ್ಟರಲ್ಲಿ ಪರಿಚಯದ ಪಶು ವೈದ್ಯರಿಗೆ ಫೋನು ಮಾಡಿದೆವು. ಅವರು ಹಸುವಿನ ಹಾಲು ಬೇಡ, ಹೊಟ್ಟೆ ಕೆಟ್ಟು ಸಾಯುತ್ತವೆ ಎಂದರು. ಮೊದಲು ಮೈ ಬೆಚ್ಚಗಾಗಬೇಕು, ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಜೀರ್ಣವಾಗುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ಬೆಚ್ಚಗಾದ ಮೇಲೆ ಓ.ಆರ್.ಎಸ್. ನೀರು, ಆಮೇಲೆ ನೀರು ಬೆರೆಸಿದ ಆಡಿನ ಹಾಲು. ಸೂಜಿ ಇಲ್ಲದ ಒಂದು ಎಂ.ಎಲ್. ಸಿರಿಂಜಿನಲ್ಲಿ ಒಂದೊಂದೇ ಹನಿ, ಮರಿಯನ್ನು ಅಂಗಾತ ಮಲಗಿಸದೆ, ಮೂಗಿಗೆ ಹೋಗದ ಹಾಗೆ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸಬೇಕು, ಇಲ್ಲದಿದ್ದರೆ ಉಚ್ಚೆ ಹೊಯ್ಯುವುದು ಅವಕ್ಕೆ ಬರುವುದಿಲ್ಲ. ತಾಯಿ ಇದ್ದರೆ ನೆಕ್ಕಿ ಮಾಡಿಸುತ್ತದೆ. ಎರಡು ಮೂರು ಗಂಟೆಗೊಮ್ಮೆ ಇಷ್ಟೂ ಕೆಲಸ, ರಾತ್ರಿಯೂ. ಎಪ್ಪತ್ತೆರಡರ ವಯಸ್ಸಿಗೆ ರಾತ್ರಿ ಹೇಗೂ ಮೂರು ಸಲ ಏಳುತ್ತೇನೆ, ಹಾಗಾಗಿ ರಾತ್ರಿ ಪಾಳಿ ನನ್ನದು.

ಎರಡನೆಯ ಮರಿ ಮೂರನೆಯ ರಾತ್ರಿ ಹೋಯಿತು. ನನ್ನ ಪಾಳಿಯಲ್ಲಿ. ಬೆಳಿಗ್ಗೆ ಮೊಮ್ಮಗಳಿಗೆ ಹೇಳಬೇಕಾಗಿತ್ತು. ಮನೆಯಾಕೆ, "ಅಮ್ಮ ಬಂದು ಕರ್ಕಂಡು ಹೋಯ್ತು ಅಂದ್ಬಿಡಿ" ಎಂದಳು. ಅವಳ ಮನಸ್ಸು ಒಳ್ಳೆಯದೇ. ನಾನು ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹಾಗೇ ಹೇಳಿದೆ, ಸತ್ತು ಹೋಯಿತು ಎಂದು. ಇದು ನನ್ನಿಂದ ಆದದ್ದು, ಗೂಡು ಕಟ್ಟುವುದನ್ನು ನಾನು ಮೊದಲೇ ನೋಡಿದ್ದೆ, ನಿನಗೆ ಸುಳ್ಳು ಹೇಳಿದೆ ಎಂದೂ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಚಿಕ್ಕು ಮರದ ಬುಡದಲ್ಲಿ ಗುಂಡಿ ತೋಡಿದೆವು. ಅಲ್ಲಿಂದ ಮಾತು ಶುರುವಾಯಿತು.

ಮೂರನೆಯದು ಉಳಿಯಿತು. ಏಪ್ರಿಲ್ ಕೊನೆಗೆ ಕಣ್ಣು ಬಿಟ್ಟಿತು. ಅವತ್ತು ನಮ್ಮ ಮನೆಯಲ್ಲಿ ನಡೆದ ಗಲಾಟೆ ಮದುವೆ ಮನೆಯಲ್ಲೂ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಕಂಡಕಂಡದ್ದನ್ನೆಲ್ಲ ಕಡಿಯತೊಡಗಿತು. ನನ್ನ ಕನ್ನಡಕದ ಕೂಡು, ಪಂಚಾಂಗದ ಮೂಲೆ, ಕೊನೆಗೆ ಈ ಲೆಕ್ಕದ ನೋಟ್‌ಬುಕ್ಕಿನ ರಟ್ಟು. ಅಳಿಲಿನ ಮುಂದಿನ ಹಲ್ಲು ಜೀವ ಇರುವವರೆಗೂ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದೆ ಉಪವಾಸ ಸಾಯಬೇಕಾಗುತ್ತದೆ. ಹಸಿವಿಲ್ಲದಾಗಲೂ ಕಾಯಿ ಕಚ್ಚಿ ಬೀಳಿಸುವುದು ನನ್ನ ಮೇಲಿನ ಹಗೆಯಿಂದ ಅಲ್ಲ ಎಂದು ಅಷ್ಟು ವರ್ಷಕ್ಕೆ ತಿಳಿಯಿತು. ಗಟ್ಟಿ ಪೇರಲೆ ಕಡ್ಡಿ, ಅಡಿಕೆ ಸಿಪ್ಪೆ ಕೊಟ್ಟೆವು.

ವೈದ್ಯರು ಮೊದಲೇ ಹೇಳಿದ್ದರು, ಸಾಕಬೇಡಿ, ಬಿಡುವುದಕ್ಕಾಗಿ ಬೆಳೆಸಿ ಎಂದು. ಹೆಸರಿಡಬಾರದು ಎಂದು ನಾನು ಕಟ್ಟಾಜ್ಞೆ ಮಾಡಿದೆ. ಮೊಮ್ಮಗಳು ಏನೋ ಇಟ್ಟಿದ್ದಳು, ನನಗೆ ಇವತ್ತಿಗೂ ಹೇಳಿಲ್ಲ. ಮೇ ಕೊನೆಗೆ ಅವಳು ಬೆಂಗಳೂರಿಗೆ ಹೋದಳು. ಆ ವರ್ಷ ಮಳೆಯೂ ತಡವಾಯಿತು. ಜೂನ್‌ನಲ್ಲಿ ಒಂದು ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಸೌದೆ ಕೊಟ್ಟಿಗೆಯಲ್ಲಿಟ್ಟೆ. ಮೊದಲು ಹತ್ತು ದಿನ ಹಗಲು ತಿರುಗಿ ರಾತ್ರಿ ಬಂದು ಮಲಗುತ್ತಿತ್ತು. ಆಮೇಲೆ ಒಂದು ರಾತ್ರಿ ಬರಲಿಲ್ಲ.

ಇನ್ನು ಚಿಕ್ಕುವಿನ ಕಥೆ. ಅಳಿಲನ್ನು ಇಕ್ಕೇರಿಗೆ ಕಳಿಸಿದ ವಾರದೊಳಗೆ ಮರದ ಮೇಲೆ ಬೇರೆ ಎರಡು ಅಳಿಲು ಬಂದಿದ್ದವು, ದೊಡ್ಡಪ್ಪನ ಕೆಂಜಳಿಲಿನ ಹಾಗೆಯೇ. ಹಾಗಾಗಿ ಬೋನನ್ನು ಗುಜರಿಗೆ ಹಾಕಿದೆ. ಈಗ ಮಾಡುವ ಕೆಲಸ ಬೇರೆ. ನನ್ನ ಓರಗೆಯವರು ಯಾರಾದರೂ ಹಿತ್ತಿಲಲ್ಲಿ ಇದೇ ಪಾಡು ಪಡುತ್ತಿದ್ದರೆ ಉಪಯೋಗವಾದೀತು.

ಚಿಕ್ಕು ಮರದಲ್ಲೇ ಹಣ್ಣಾಗಲಿ ಎಂದು ಕಾಯುವುದೇ ದೊಡ್ಡ ತಪ್ಪು. ಕಾಯಿ ಬಲಿತಾಗ ಮೈಮೇಲಿನ ಕಂದು ಹುಡಿ ಉದುರಿ ನುಣುಪಾಗುತ್ತದೆ. ಉಗುರಿನಲ್ಲಿ ಮೆಲ್ಲಗೆ ಗೀರಿ ನೋಡಿ. ಒಳಗೆ ಹಸಿರು ಕಂಡರೆ ಬಿಡಿ, ಹಳದಿ ಕಂಡರೆ ಕೊಯ್ಯಿರಿ. ಅಕ್ಕಿ ಡಬ್ಬದಲ್ಲೋ ಹುಲ್ಲಿನಲ್ಲೋ ಇಟ್ಟರೆ ಐದಾರು ದಿನದಲ್ಲಿ ಹಣ್ಣಾಗುತ್ತದೆ. ಅಳಿಲಿಗೆ ವಾಸನೆ ಬರುವ ಮೊದಲೇ ಕಾಯಿ ಮನೆಯೊಳಗೆ. ನಾನು ಕಳೆದುಕೊಂಡ 163ರಲ್ಲಿ ಮುಕ್ಕಾಲು ಪಾಲು ನನ್ನ ಸೋಮಾರಿತನದ್ದೇ. ಕೋಕೋಗೂ ಇದೇ ಮಾತು, ಹಳದಿಯಾದ ಕಾಯಿಯನ್ನು ಗಿಡದಲ್ಲಿ ಬಿಡದೆ ಆಗಾಗ ಕೊಯ್ಯುತ್ತಿರಬೇಕು.

ಕೈಗೆ ಸಿಗುವ ಕೊಂಬೆಯ ಕಾಯಿಗಳಿಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿಯನ್ನು ಚೀಲದ ಹಾಗೆ ಬಗ್ಗಿಸಿ ಕಟ್ಟುತ್ತೇನೆ. ಬಟ್ಟೆ ಚೀಲವನ್ನು ಎರಡು ದಿನದಲ್ಲಿ ಕಡಿದವು, ಕಾಗದ ಮಳೆಗೆ ನೆನೆಯಿತು. ಜಾಲರಿಗೆ ಒಂದು ಸಲದ ಖರ್ಚು, ಮೂರು ವರ್ಷದಿಂದ ಅದೇ ನಡೆಯುತ್ತಿದೆ. ತೆಂಗಿನ ಮರದ ಬೊಡ್ಡೆಗೆ ಎರಡಡಿ ಅಗಲದ ತಗಡು ಸುತ್ತಿಸಿದ್ದೇನೆ, ಉಗುರು ಹಿಡಿಯುವುದಿಲ್ಲ, ಜಾರುತ್ತದೆ. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ತಗಡು ದಂಡ, ಮೇಲಿನಿಂದಲೇ ಹಾರಿ ಬರುತ್ತದೆ. ನನ್ನ ಎರಡು ಮರದಲ್ಲಿ ಒಂದು ಅಂಥದ್ದು. ಬಿತ್ತಿದ ಬೀಜದ ಮೇಲೆ ಮೊಳಕೆ ಬರುವವರೆಗೆ ಜಾಲರಿ ಮುಚ್ಚುತ್ತೇನೆ. ಮರದ ತುದಿಯ ಕೊಂಬೆಗಳಿಗೆ ಏನನ್ನೂ ಕಟ್ಟುವುದಿಲ್ಲ. ಧರ್ಮಕ್ಕೆ ಬಿಟ್ಟೆ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಏನೆಂದರೆ ಅಲ್ಲಿಗೆ ಹತ್ತಲು ಮೊಣಕಾಲು ಒಪ್ಪುವುದಿಲ್ಲ.

2025ರ ಪುಟದಲ್ಲಿ ನಮಗೆ 118, ಅಳಿಲಿಗೆ 57. ಮೊಮ್ಮಗಳು ಈಗ ಆರನೆಯ ತರಗತಿ. ಈ ಬೇಸಿಗೆಯಲ್ಲಿ ದಿನಕ್ಕೆರಡು ಹಣ್ಣು ತಿಂದು, ಡಬ್ಬದಲ್ಲಿ ಒಂದಿಷ್ಟು ಕಟ್ಟಿಸಿಕೊಂಡು ಹೋದಳು.

ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಅಜ್ಜಿಯ ಹತ್ತಿರ ಮಾತು ಮುಗಿದ ಮೇಲೆ ನನ್ನ ಸರದಿ.

"ಅಜ್ಜ, ಅದು ಬಂತಾ?"

"ಒಂದು ಬಂದಿತ್ತು. ಬಾವಿಕಟ್ಟೆ ಮೇಲೆ ಕೂತು ನನ್ನನ್ನೇ ನೋಡ್ತು."

"ಅದೇನಾ?"

ಎಲ್ಲ ಅಳಿಲಿಗೂ ಮೂರೇ ಗೆರೆ. ಹೌದು ಎಂದರೆ ಅವಳಿಗೆ ಖುಷಿಯಾಗುತ್ತದೆ ಎಂದು ಗೊತ್ತು.

"ಗೊತ್ತಿಲ್ಲ ಪುಟ್ಟಿ."

"ಸರಿ, ಹಾಗಂತಲೇ ಬರೆದಿಡು" ಎನ್ನುತ್ತಾಳೆ. ಬರೆದಿಡುತ್ತೇನೆ. ರಟ್ಟಿನ ಮೂಲೆ ಹೋಗಿರುವ ಅದೇ ನೋಟ್‌ಬುಕ್ಕಿನಲ್ಲಿ, ತಾರೀಖು ಹಾಕಿ: ಒಂದು ಅಳಿಲು ಬಂದಿತ್ತು, ಅದೇ ಹೌದೋ ಅಲ್ಲವೋ ಗೊತ್ತಿಲ್ಲ.